ಸ್ಥಿರ ಗುರುತು: ಮಾವ

ನನ್ನ ಭಾವನಿಗೆ ಕನ್ನಡಕದ ಅಂಗಡಿ. ಊರಿನ ಅರ್ಧದಷ್ಟು ಜನ ಬಸ್ಸಿನ ಬೋರ್ಡು ಓದುವುದು ಅವರ ದಯೆಯಿಂದ. ಅಂಥವರು ತಮ್ಮ ಸ್ವಂತ ಕಾಲು ಎಲ್ಲಿದೆ ಎಂದು ನೋಡಿಕೊಳ್ಳದೆ ನೀರಿಗೆ ಬಿದ್ದರು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ, ಏಕೆಂದರೆ ಬೀಳುವಾಗ ಅವರು ಹಿಡಿದುಕೊಂಡದ್ದು ನನ್ನ ಅಂಗಿಯನ್ನು.

ಮೊದಲು ದೋಣಿಯ ವಿಷಯ ಹೇಳಿಬಿಡಬೇಕು. ಅಂಗಡಿಯ ಹಳೆಯ ಗಿರಾಕಿಯಾಗಿದ್ದ ಹಲ್ಲಿನ ಡಾಕ್ಟರೊಬ್ಬರು ಊರು ಬಿಟ್ಟು ಹೋಗುವಾಗ ತಮ್ಮ ಕ್ಯಾಬಿನ್ ದೋಣಿಯನ್ನು ಭಾವನಿಗೆ ದಾಟಿಸಿ ಹೋದರು. ಕ್ಯಾಬಿನ್ ಎಂದಾಕ್ಷಣ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಇಬ್ಬರು ತಲೆ ಬಗ್ಗಿಸಿ ಕೂರಬಹುದು. ಮೂರನೆಯವರು ಬಂದರೆ ಮೊದಲಿಬ್ಬರಲ್ಲಿ ಒಬ್ಬರು ಉಸಿರು ಬಿಗಿಹಿಡಿಯಬೇಕು. ಎರಡು ಕಿಟಕಿ, ಒಂದು ಹಲಗೆಯ ಮಂಚ, ಗೋಡೆಗೆ ಅಂಟಿಸಿದ್ದ ಹಲ್ಲುಜ್ಜುವ ಸರಿಯಾದ ವಿಧಾನದ ಚಿತ್ರ, ಇಷ್ಟೇ ಅದರ ವೈಭವ. ಆದರೂ ಅದು ಕೈಗೆ ಬಂದ ದಿನದಿಂದ ಭಾವನ ನಡಿಗೆ ಬದಲಾಯಿತು. ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿ, ಅಲೆಗಳಿಗೆ ತಕ್ಕಂತೆ ತೂಗುತ್ತಾ ನಡೆಯತೊಡಗಿದರು. ಇಪ್ಪತ್ತು ವರ್ಷ ಬೇರೆಯವರ ಕಣ್ಣಿಗಾಗಿಯೇ ದುಡಿದ ಮನುಷ್ಯನಿಗೆ ತನ್ನದು ಅಂತ ಸಿಕ್ಕ ಸುಖ ಅದೊಂದೇ. ಹಾಗಾಗಿ ಮನೆಯಲ್ಲಿ ಯಾರೂ ನಗಲಿಲ್ಲ, ಅಂದರೆ ಅವರ ಎದುರಿಗೆ ನಗಲಿಲ್ಲ.

ಹಲ್ಲಿನ ಡಾಕ್ಟರು ಹೋಗುವಾಗ ಒಂದು ಮಾತು ಹೇಳಿದ್ದರಂತೆ: ದೋಣಿ ಓಡಿಸುವುದು ಏನೂ ಅಲ್ಲ, ನಿಲ್ಲಿಸುವುದೇ ವಿದ್ಯೆ. ಭಾವ ಅದನ್ನು ತಮ್ಮದೇ ಅನುಭವದ ಮಾತು ಎಂಬಂತೆ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಹಾಲಿನವನಿಗೆ ಹೇಳಿದರು, ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿಗೆ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಂದು ದಿನ ಗೋಡೆಯ ಮೇಲಿನ ಅಕ್ಷರಗಳನ್ನು ಒಂದೇ ಕಣ್ಣಿನಿಂದ ಓದುತ್ತಾ ಕೂತಿದ್ದ ಗಿರಾಕಿಗೂ ಹೇಳಿದರು. ಲಂಗರು ಹಾಕಿ ದೋಣಿ ನಿಲ್ಲಿಸುವುದರಲ್ಲಿ ತಮಗಿರುವ ಹಿಡಿತ ಈ ಊರಿನಲ್ಲಿ ಇನ್ನೊಬ್ಬರಿಗಿಲ್ಲ ಎಂದೂ ಸೇರಿಸಿದರು. ಆ ಗಿರಾಕಿ ಇನ್ನೊಂದು ಕಣ್ಣನ್ನೂ ತೆರೆದು, ಬಹಳ ಸಂತೋಷ, ನಾನು ಹೊಸದಾಗಿ ಬಂದಿರುವ ಬಂದರು ಅಧಿಕಾರಿ, ಈ ತಿಂಗಳಿಂದ ಶುರುವಾಗುವ ಲಂಗರು ಪರೀಕ್ಷೆಗೆ ಮೊದಲ ಹೆಸರು ನಿಮ್ಮದೇ ಬರೆದುಕೊಳ್ಳುತ್ತೇನೆ ಎಂದರು.

ಪರೀಕ್ಷೆಯ ನಿಯಮ ಸರಳವಾಗಿತ್ತು. ಜೆಟ್ಟಿಯಲ್ಲಿ ಜಾಗ ಪಡೆದ ಪ್ರತಿ ಕ್ಯಾಬಿನ್ ದೋಣಿಯ ಮಾಲೀಕ ಹಿನ್ನೀರಿನ ನಡುವೆ ಲಂಗರು ಹಾಕಿ, ಅಧಿಕಾರಿಯ ಕಣ್ಣೆದುರು ಒಂದು ಗಂಟೆ ದೋಣಿಯನ್ನು ಒಂದೇ ಕಡೆ ನಿಲ್ಲಿಸಿ ತೋರಿಸಬೇಕು. ತಿಂಗಳ ಕೊನೆಯೊಳಗೆ ಪಾಸಾಗದಿದ್ದರೆ ಜೆಟ್ಟಿಯ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಜೆಟ್ಟಿ ಬಿಟ್ಟರೆ ದೋಣಿ ಇಡಲು ಭಾವನಿಗೆ ಇದ್ದದ್ದು ಅಕ್ಕನ ಅಡುಗೆಮನೆ ಮಾತ್ರ. ಅಂದರೆ ಫೇಲಾದರೆ ದೋಣಿಯನ್ನು ಮಾರಬೇಕು. ಆ ದಿನ ಮನೆಗೆ ಬಂದಾಗ ಭಾವ ಸಾಮಾನ್ಯ ಮನುಷ್ಯರಂತೆ ನಡೆಯುತ್ತಿದ್ದರು.

ಬಂದರು ಕಚೇರಿಯವರು ಕೊಟ್ಟ ಇಪ್ಪತ್ತು ಪುಟದ ಪುಸ್ತಿಕೆ ಹಿಡಿದು ನಾವಿಬ್ಬರೂ ಅಭ್ಯಾಸಕ್ಕೆ ಇಳಿದೆವು. ಭಾವ ಪುಸ್ತಿಕೆಯನ್ನು ಕೊನೆಯಿಂದ ಓದುವ ಜಾತಿಯವರು. ಮೊದಲ ದಿನ ಲಂಗರನ್ನು ತಲೆಯ ಮೇಲೆ ಎರಡು ಸುತ್ತು ಬೀಸಿ ಎಸೆದರು. ಅದರ ಹಗ್ಗ ಸುರುಳಿ ಸುತ್ತಿಕೊಂಡು ಬಿದ್ದಿದ್ದ ಜಾಗದ ಸರಿಯಾಗಿ ಮಧ್ಯದಲ್ಲಿ ಅವರ ಬಲಗಾಲು ಇತ್ತು. ಲಂಗರು ಹೋಯಿತು, ಹಗ್ಗ ಹೋಯಿತು, ಭಾವ ಹೋದರು, ನನ್ನ ಅಂಗಿಯ ಮೂಲಕ ನಾನೂ ಹೋದೆ. ಪುಸ್ತಿಕೆಯ ಎರಡನೇ ಪುಟದಲ್ಲಿ, ಲಂಗರನ್ನು ಎಸೆಯಬಾರದು, ಕೈಯಿಂದ ಕೈಗೆ ಹಗ್ಗ ಬಿಡುತ್ತಾ ಇಳಿಸಬೇಕು, ಸುರುಳಿಯೊಳಗೆ ಕಾಲಿಡಬಾರದು ಎಂದು ದಪ್ಪ ಅಕ್ಷರದಲ್ಲಿ ಇತ್ತು. ಎರಡನೆಯ ದಿನ ದೋಣಿಯ ಹಿಂಭಾಗಕ್ಕೆ ಕಟ್ಟಿದರು. ಅಲೆಗಳು ಹಿಂದಿನಿಂದ ಹತ್ತಿ ಒಳಗೆ ಬಂದು ಹಲಗೆ ಮಂಚದ ಕೆಳಗೆ ಮನೆ ಮಾಡಿದವು. ಮುಂಭಾಗಕ್ಕೇ ಕಟ್ಟಬೇಕು ಎನ್ನುವುದು ಮೂರನೇ ಪುಟ. ಮೂರನೆಯ ದಿನ ನೀರಿನ ಆಳ ಎಷ್ಟೋ ಅಷ್ಟೇ ಹಗ್ಗ ಬಿಟ್ಟರು. ಲಂಗರು ನೆಲ ಮುಟ್ಟಿಯೂ ಮುಟ್ಟದ ಹಾಗೆ ಕುಂಟುತ್ತಾ ಬಂತು, ದೋಣಿ ಅದನ್ನು ಎಳೆದುಕೊಂಡು ಹೋಗಿ ಮೀನುಗಾರರ ಬಲೆಗೆ ಸಿಕ್ಕಿತು. ಬಲೆಯವರು ನಮ್ಮ ಬಗ್ಗೆ ಆಡಿದ ಮಾತುಗಳಲ್ಲಿ, ಆಳದ ಐದು ಪಟ್ಟು ಹಗ್ಗ ಬಿಡಬೇಕು ಎನ್ನುವ ಸಲಹೆಯನ್ನು ಮಾತ್ರ ಇಲ್ಲಿ ಬರೆಯಬಹುದು.

ಇಷ್ಟೆಲ್ಲ ಆಗುವ ಹೊತ್ತಿಗೆ ಭಾವ ನಿಜಕ್ಕೂ ಕಲಿತರು. ಇಳಿಸುವುದು ಬಂತು, ಇಂಜಿನ್ನನ್ನು ನಿಧಾನವಾಗಿ ಹಿಂದಕ್ಕೆ ಕೊಟ್ಟು ಲಂಗರಿನ ಕೊಕ್ಕೆಯನ್ನು ಕೆಸರಿಗೆ ನಾಟಿಸುವುದು ಬಂತು. ಉಳಿದದ್ದು ಒಂದೇ. ನೀರಿನ ಕೆಳಗಿರುವ ಲಂಗರು ಜಾರುತ್ತಿದೆಯೋ ಇಲ್ಲವೋ ಮೇಲಿರುವವನಿಗೆ ತಿಳಿಯುವುದು ಹೇಗೆ? ಪುಸ್ತಿಕೆ ಹೇಳುತ್ತಿತ್ತು: ದಡದ ಮೇಲೆ ಅಲುಗಾಡದ ಎರಡು ವಸ್ತುಗಳನ್ನು ಆರಿಸಿಕೊಳ್ಳಿ, ಒಂದು ಹತ್ತಿರದ್ದು, ಒಂದು ದೂರದ್ದು, ಎರಡೂ ಒಂದೇ ಗೆರೆಯಲ್ಲಿ ಕಾಣುವಂತಿರಲಿ. ಹತ್ತಿರದ್ದು ಗೆರೆ ಬಿಟ್ಟು ಪಕ್ಕಕ್ಕೆ ಜರುಗಿದಂತೆ ಕಂಡರೆ ನಿಮ್ಮ ದೋಣಿ ಜಾರುತ್ತಿದೆ ಎಂದರ್ಥ.

ದೂರದ್ದು ಸಿಕ್ಕಿತು. ನಮ್ಮ ಬಡಾವಣೆಯ ಹಿಂದಿನ ಗುಡ್ಡದ ಮೇಲೆ ನೀರಿನ ಟ್ಯಾಂಕು ಇದೆ. ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ. ನಮ್ಮ ಇಲಾಖೆಯದು ಯಾವುದೂ ಅಲುಗಾಡುವುದಿಲ್ಲ ಎಂದು ನಾನೇ ಭರವಸೆ ಕೊಟ್ಟೆ. ಹತ್ತಿರದ್ದೇ ಕಷ್ಟವಾಯಿತು. ಒಂದು ದಿನ ದಡದಲ್ಲಿ ನಿಂತಿದ್ದ ಬಿಳಿ ವ್ಯಾನನ್ನು ಆರಿಸಿಕೊಂಡರು. ಅರ್ಧ ಗಂಟೆಯ ನಂತರ ವ್ಯಾನಿನವನು ಊಟ ಮುಗಿಸಿ ಹೊರಟಾಗ, ನಮ್ಮ ದೋಣಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಜಾರುತ್ತಿದೆ ಎಂದು ಭಾವ ಲೈಫ್ ಜಾಕೆಟ್ ಹುಡುಕಿದರು. ಇನ್ನೊಂದು ದಿನ ನಮ್ಮ ಮಹಡಿಯ ಮೇಲೆ ಒಣಗಿಹಾಕಿದ್ದ ಕೆಂಪು ಹೊದಿಕೆ. ಅದನ್ನು ಅಕ್ಕ ಒಣಗಿತೆಂದು ತೆಗೆದಳು. ಮನೆಯನ್ನೇ ಗುರುತು ಮಾಡಿಕೊಳ್ಳೋಣವೆಂದರೆ ದಡದುದ್ದಕ್ಕೂ ಹದಿನೆಂಟು ಮನೆಗಳು, ಎಲ್ಲ ಒಂದೇ ಬೂದಿಬಣ್ಣ, ಒಂದೇ ಬಾಗಿಲು, ಒಂದೇ ಜಗಲಿ. ನೀರಿನಿಂದ ನೋಡಿದರೆ ನಮ್ಮ ಮನೆ ಯಾವುದು ಎಂದು ನಮಗೇ ತಿಳಿಯದು. ನಮ್ಮದನ್ನು ಬೇರೆ ಮಾಡಿ ತೋರಿಸುವ ವಸ್ತು ಒಂದೇ ಇತ್ತು. ಅದು ಜಗಲಿಯ ಕುರ್ಚಿಯಲ್ಲಿ ಕೂತಿದ್ದ ನಮ್ಮಪ್ಪ.

ಅಪ್ಪ ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಗಡಿಕಲ್ಲು ನೆಡಿಸಿ ನಿವೃತ್ತರಾದವರು. ನಿವೃತ್ತಿಯ ಮರುದಿನದಿಂದ ಸಂಜೆ ನಾಲ್ಕಕ್ಕೆ ಆ ಕುರ್ಚಿಯಲ್ಲಿ ಕೂತರೆ ಆರಕ್ಕೇ ಏಳುವುದು. ಮಳೆ ಬಂದರೆ ಕುರ್ಚಿ ಒಳಗೆ ಹೋಗುವುದಿಲ್ಲ, ಕೊಡೆ ಹೊರಗೆ ಬರುತ್ತದೆ. ಇಂಥ ಸ್ಥಿರವಸ್ತು ಇಡೀ ದಡದಲ್ಲಿ ಇನ್ನೊಂದಿರಲಿಲ್ಲ. ಆದರೆ ಭಾವ ಅವರನ್ನು ಕೇಳುವಂತಿರಲಿಲ್ಲ, ಏಕೆಂದರೆ ಅಪ್ಪ ಅಳಿಯನೊಡನೆ ಮಾತು ಬಿಟ್ಟು ಏಳು ವರ್ಷವಾಗಿತ್ತು. ಮದುವೆಯಾದ ಹೊಸತರಲ್ಲಿ ಭಾವ ಪ್ರೀತಿಯಿಂದಲೇ ಮಾವನ ಕಣ್ಣು ಪರೀಕ್ಷೆ ಮಾಡಿ, ನಾಲ್ಕು ಜನ ನೆಂಟರ ಮುಂದೆ, ಎಡಗಣ್ಣು ಸ್ವಲ್ಪ ಓರೆ ನೋಡುತ್ತದೆ ಎಂದುಬಿಟ್ಟಿದ್ದರು. ತನ್ನ ಕಣ್ಣು ಓರೆಯಾದರೆ ಊರಿನ ಗಡಿಗಳೆಲ್ಲ ಓರೆ ಎಂದಾಯಿತಲ್ಲ ಎಂದು ಅಪ್ಪ ಊಟದ ತಟ್ಟೆಯಿಂದ ಎದ್ದರು. ಅಂದಿನಿಂದ ಮಾತೆಲ್ಲ ಅಕ್ಕನ ಮೂಲಕ. ಒಂದೇ ಮೇಜಿನಲ್ಲಿ ಎದುರುಬದುರು ಕೂತು, ನಿನ್ನ ಗಂಡನಿಗೆ ಉಪ್ಪು ಈ ಕಡೆ ಸರಿಸಲು ಹೇಳು ಎನ್ನುತ್ತಿದ್ದರು. ಅಕ್ಕ ಹೇಳುತ್ತಿದ್ದಳು, ಭಾವ ಸರಿಸುತ್ತಿದ್ದರು.

ಹೀಗಾಗಿ ಭಾವ ಮಾವನನ್ನು ಕೇಳದೆಯೇ ಗುರುತು ಮಾಡಿಕೊಂಡರು. ದಿನಾ ಸಂಜೆ ಹಿನ್ನೀರಿನ ನಡುವೆ ಲಂಗರು ಹಾಕಿ, ಹತ್ತು ನಿಮಿಷಕ್ಕೊಮ್ಮೆ ದುರ್ಬೀನು ಎತ್ತಿ ಮಾವನ ತಲೆ ಟ್ಯಾಂಕಿನ ನೇರಕ್ಕಿದೆಯೇ ನೋಡುವುದು, ಸಮಾಧಾನದಿಂದ ಕೆಳಗಿಡುವುದು. ಒಂದು ವಾರ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಅದು ಪಕ್ಕದ ಮನೆಯ ಕಾಂಪೌಂಡರ್ ಕಣ್ಣಿಗೆ ಬಿತ್ತು.

ಕಾಂಪೌಂಡರ್ ಆಸ್ಪತ್ರೆಯಿಂದ ನಿವೃತ್ತರಾದವರು, ರೋಗ ಹುಡುಕುವ ಚಟದಿಂದ ಮಾತ್ರ ನಿವೃತ್ತರಾಗಿರಲಿಲ್ಲ. ಅವರು ಜಗಲಿಗೆ ಬಂದು ಅಪ್ಪನ ಕಿವಿಯ ಬಳಿ ಬಗ್ಗಿ, ನಿಮ್ಮ ಅಳಿಯ ದಿನಾ ನೀರಿನ ಮೇಲಿಂದ ನಿಮ್ಮನ್ನೇ ದುರ್ಬೀನಿನಲ್ಲಿ ನೋಡುತ್ತಾರೆ, ನೀವು ನೆಟ್ಟಗಿದ್ದೀರಿ ಎಂದು ಕಂಡರೆ ತಲೆ ಆಡಿಸಿ ಏನೋ ಬರೆದುಕೊಳ್ಳುತ್ತಾರೆ ಎಂದರು. ಅಪ್ಪನಿಗೆ ಅಷ್ಟು ಸಾಕಾಯಿತು. ಅಂದು ರಾತ್ರಿಯ ಊಟದಲ್ಲಿ ಅಕ್ಕನಿಗೆ, ನಾನಿನ್ನೂ ಉಸಿರಾಡುತ್ತಿದ್ದೇನೆ ಎಂದು ನಿನ್ನ ಗಂಡನಿಗೆ ಹೇಳು, ದೂರದಿಂದ ನೋಡುವ ತೊಂದರೆ ಬೇಡ ಎಂದರು. ಈ ಮನೆ ಬೇಕಿದ್ದರೆ ಬಾಯಿಬಿಟ್ಟು ಕೇಳಲಿ ಎಂದೂ ಹೇಳಿದರು. ಅಕ್ಕ ಅದನ್ನು ಹೇಳಲಾಗದೆ ಅತ್ತಳು. ಭಾವ ಏನೂ ಅರ್ಥವಾಗದೆ ಉಪ್ಪು ಸರಿಸಿದರು.

ಮರುದಿನ ಸಂಜೆ ಬಂದರು ಅಧಿಕಾರಿ ಫೈಲು ಹಿಡಿದು ನಮ್ಮ ಗೇಟಿನ ಮುಂದೆ ನಿಂತರು. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ನಿಯಮವೊಂದನ್ನು ಓದುವಾಗ ಮಾತ್ರ ಮುಖದಲ್ಲಿ ಹೊಳಪು ಬರುತ್ತಿತ್ತು. ಪರೀಕ್ಷೆಯ ಅರ್ಜಿಯಲ್ಲಿ ಬರೆದ ಗುರುತುಗಳನ್ನು ಮೊದಲೇ ಬಂದು ತನಿಖೆ ಮಾಡಬೇಕಂತೆ. ಟ್ಯಾಂಕು ನೋಡಿಯಾಯಿತು, ಇನ್ನೊಂದು ಈ ವಿಳಾಸದಲ್ಲಿದೆ ಎಂದರು. ಅಪ್ಪ ಕೈ ಚಾಚಿ ಅರ್ಜಿ ತೆಗೆದುಕೊಂಡು ಓದಿದರು. ದೂರದ ಸ್ಥಿರ ಗುರುತು ಎಂಬಲ್ಲಿ ನೀರಿನ ಟ್ಯಾಂಕು ಎಂದಿತ್ತು. ಹತ್ತಿರದ ಸ್ಥಿರ ಗುರುತು ಎಂಬಲ್ಲಿ, ಭಾವನ ಮುದ್ದಾದ ಅಕ್ಷರದಲ್ಲಿ, ಮಾವ ಎಂದಿತ್ತು.

ಅಧಿಕಾರಿ ವಿವರಿಸಿದರು: ಈ ಗುರುತು ಅಲುಗಾಡದೆ ಇದ್ದರೆ ದೋಣಿ ನಿಂತಿದೆ ಎಂದು ನಿಮ್ಮ ಅಳಿಯಂದಿರು ತಿಳಿಯುತ್ತಾರೆ, ಆದರೆ ಮನುಷ್ಯರನ್ನು ಸ್ಥಿರವಸ್ತು ಎನ್ನಲಾಗದು, ಅರ್ಜಿಯ ಈ ಸಾಲನ್ನು ಹೊಡೆದುಹಾಕಬೇಕಾಗುತ್ತದೆ. ಅಪ್ಪ ನಿಧಾನವಾಗಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ಏಳು ವರ್ಷದಿಂದ ನಾನು ಕಾಣದ ಏನೋ ಒಂದು ಬಂತು.

"ಮೂವತ್ನಾಲ್ಕು ವರ್ಷ ಸರ್ವೆ ಮಾಡಿದೀನಿ. ನಾನು ನೆಡಿಸಿದ ಒಂದು ಕಲ್ಲೂ ಒಂದು ಅಂಗುಲ ಜರುಗಿಲ್ಲ. ಗುರುತು ಅಂದ್ರೆ ಏನು ಅಂತ ನನಗೆ ಹೇಳಿಕೊಡಬೇಡಿ. ಯಾವ ನಿಯಮದಲ್ಲಿ ಬರೆದಿದೆ, ಗುರುತಿಗೆ ಜೀವ ಇರಬಾರದು ಅಂತ?"

ಅಧಿಕಾರಿ ಫೈಲನ್ನು ಎರಡು ಸಲ ತಿರುವಿಹಾಕಿದರು. ಹಾಗೆ ಎಲ್ಲೂ ಬರೆದಿರಲಿಲ್ಲ. ಪ್ರಾಮಾಣಿಕ ಮನುಷ್ಯರಾದ್ದರಿಂದ ಒಪ್ಪಿಕೊಂಡರು. ಆದರೆ ಲಿಖಿತ ಭರವಸೆ ಬೇಕು ಎಂದರು. ಅಪ್ಪ ಅಲ್ಲೇ ಬರೆದುಕೊಟ್ಟರು: ಸದರಿ ದಿನ ಸಂಜೆ ನಾಲ್ಕರಿಂದ ಐದರವರೆಗೆ ನಾನು ನನ್ನ ಸ್ಥಳದಿಂದ ಅಲುಗಾಡುವುದಿಲ್ಲ, ತಲೆ ತಿರುಗಿಸುವುದಿಲ್ಲ, ಮಾತಾಡುವುದಿಲ್ಲ, ಸ್ವಸಂತೋಷದಿಂದ ಒಪ್ಪಿ ಸಹಿ ಮಾಡಿದ್ದೇನೆ. ಅಂದು ಊಟಕ್ಕೆ ಕೂತಾಗ ಅಕ್ಕನಿಗೆ, ಅವನು ಹಗ್ಗ ನೋಡಿಕೊಳ್ಳಲಿ, ಗುರುತಿನ ಚಿಂತೆ ಬೇಡ ಎಂದು ನಿನ್ನ ಗಂಡನಿಗೆ ಹೇಳು ಎಂದರು. ಭಾವನ ಕಣ್ಣಲ್ಲಿ ನೀರು ಬಂತು, ಸಾರಿನ ಖಾರ ಎಂದು ಹೇಳಿಕೊಂಡರು. ಸಾರು ಸಪ್ಪೆಯಾಗಿತ್ತು.

ಪರೀಕ್ಷೆಯ ದಿನ ಅಪ್ಪ ದೂರಕ್ಕೆ ಚೆನ್ನಾಗಿ ಕಾಣಲೆಂದು ಬಿಳಿ ಅಂಗಿ ತೊಟ್ಟರು. ಕುರ್ಚಿಯ ನಾಲ್ಕು ಕಾಲಿನ ಸುತ್ತ ಸುಣ್ಣದಕಡ್ಡಿಯಿಂದ ಗೆರೆ ಎಳೆಸಿದರು. ಮೂರೂವರೆಗೇ ಬಾತ್‌ರೂಮಿಗೆ ಹೋಗಿಬಂದು, ಮೂರು ಐವತ್ತೈದಕ್ಕೆ ಕೂತು, ಕೈಗಳನ್ನು ಕುರ್ಚಿಯ ತೋಳಿನ ಮೇಲಿಟ್ಟು, ನೀರಿನ ಕಡೆ ದೃಷ್ಟಿ ನೆಟ್ಟರು. ಅಕ್ಕ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಗಂಡನಿಗೆ ಧೈರ್ಯ ಹೇಳಲು ಜೆಟ್ಟಿಗೆ ಬಂದಳು. ನಾನು ಸಹಾಯಕನಾಗಿ ದೋಣಿ ಹತ್ತಿದೆ. ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ಯಾರೂ ಇರಲಿಲ್ಲ, ಯಾರಾದರೂ ಇರಬೇಕಿತ್ತು ಎಂದು ನಮಗೆ ಹೊಳೆಯಲಿಲ್ಲ.

ನೀರಿನ ನಡುವೆ ಭಾವ ಲಂಗರು ಇಳಿಸಿದ ರೀತಿಗೆ ನಾನು ದಂಗಾದೆ. ಕಾಲು ಸುರುಳಿಯಿಂದ ಎರಡು ಗೇಣು ದೂರ. ಹಗ್ಗ ಕೈಯಿಂದ ಕೈಗೆ, ಸದ್ದಿಲ್ಲದೆ. ಐದು ಪಟ್ಟು ಅಳೆದು ಬಿಟ್ಟು, ಇಂಜಿನ್ ಹಿಂದಕ್ಕೆ ಕೊಟ್ಟು ನಾಟಿಸಿ, ಮುಂಭಾಗದ ಗೂಟಕ್ಕೆ ಸುತ್ತಿ ಬಿಗಿದರು. ಅಧಿಕಾರಿ ಹಲಗೆ ಮಂಚದ ಮೇಲೆ, ಹಲ್ಲುಜ್ಜುವ ಚಿತ್ರದ ಕೆಳಗೆ ಕೂತು ನಾಲ್ಕು ಗಂಟೆ ಎಂದು ಬರೆದರು. ಹತ್ತು ನಿಮಿಷಕ್ಕೊಮ್ಮೆ ಭಾವ ದುರ್ಬೀನು ಎತ್ತಿ, ಮಾವ ಸರಿಯಾಗಿದ್ದಾರೆ ಸಾರ್ ಎನ್ನುವುದು, ಅಧಿಕಾರಿ ಗುರುತು ಹಾಕುವುದು. ನಾಲ್ಕು ಹತ್ತಕ್ಕೆ ಮಾವ ಸರಿಯಾಗಿದ್ದರು. ಇಪ್ಪತ್ತಕ್ಕೆ, ಮೂವತ್ತಕ್ಕೆ, ನಲವತ್ತಕ್ಕೆ ಸರಿಯಾಗಿದ್ದರು. ಭಾವ ನಿಂತಲ್ಲೇ ಮತ್ತೆ ಅಲೆಗಳಿಗೆ ತಕ್ಕಂತೆ ತೂಗತೊಡಗಿದರು. ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ ಎಂಬ ಸಂತೋಷಕ್ಕೆ ಲೆಕ್ಕಕ್ಕಿಲ್ಲದ ಇನ್ನೊಂದು ಸಲ, ನಾಲ್ಕು ನಲವತ್ತೈದಕ್ಕೆ, ದುರ್ಬೀನು ಎತ್ತಿದರು.

ಮಾವ ಎಡಕ್ಕೆ ಹೋಗುತ್ತಿದ್ದರು.

ನಡೆದುಕೊಂಡು ಹೋಗುತ್ತಿದ್ದರೆ ಬೇರೆ ಮಾತು. ಕೂತಲ್ಲೇ ಕೂತು, ಕೈಗಳು ಕುರ್ಚಿಯ ತೋಳಿನ ಮೇಲೆ ಇದ್ದಹಾಗೇ ಇದ್ದು, ದೃಷ್ಟಿ ನಮ್ಮ ಕಡೆಗೇ ನೆಟ್ಟು, ಒಂದೇ ವೇಗದಲ್ಲಿ ಟ್ಯಾಂಕಿನ ನೇರವನ್ನು ದಾಟಿ ಎಡಕ್ಕೆ ಸಾಗುತ್ತಿದ್ದರು. ಕೂತ ಮನುಷ್ಯ ಚಲಿಸುವುದಿಲ್ಲ. ಹಾಗಾದರೆ ಚಲಿಸುತ್ತಿರುವುದು ದೋಣಿ. ಭಾವ ಮುಂಭಾಗಕ್ಕೆ ಓಡಿ ಇನ್ನೂ ಹತ್ತು ಮಾರು ಹಗ್ಗ ಬಿಟ್ಟರು. ಮಾವ ನಿಲ್ಲಲಿಲ್ಲ. ಇನ್ನೂ ಹತ್ತು ಮಾರು ಬಿಟ್ಟರು. ಮಾವ ಪಕ್ಕದ ಮನೆಯನ್ನೂ ದಾಟಿದರು. ಬಿಡಲು ಇನ್ನು ಹಗ್ಗವೇ ಉಳಿಯಲಿಲ್ಲ.

ನಿಮ್ಮ ಗುರುತು ಏನು ಹೇಳುತ್ತಿದೆ ಎಂದು ಅಧಿಕಾರಿ ಒಳಗಿನಿಂದಲೇ ಶಾಂತವಾಗಿ ಕೇಳಿದರು. ಜಾರುತ್ತಿದ್ದೇವೆ ಎನ್ನುತ್ತಿದೆ ಸಾರ್ ಎಂದರು ಭಾವ. ಹಗ್ಗ ಏನು ಹೇಳುತ್ತಿದೆ ಎಂದು ಅವರು ಮತ್ತೆ ಕೇಳಿದರು. ಲಂಗರು ಜಾರುವಾಗ ಕೆಳಗೆ ಕಬ್ಬಿಣ ನೆಲಕ್ಕೆ ತಗುಲಿ ತಗುಲಿ ಹಗ್ಗದಲ್ಲಿ ನಡುಕ ಬರುತ್ತದೆ, ಅಂಗೈ ಇಟ್ಟರೆ ತಿಳಿಯುತ್ತದೆ ಎಂದು ಹನ್ನೆರಡನೇ ಪುಟದಲ್ಲಿತ್ತು. ಭಾವ ಮಂಡಿಯೂರಿ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಇಟ್ಟರು. ಆಮೇಲೆ ತಲೆ ಎತ್ತಿದಾಗ ಅವರ ಮುಖ ಬಿಳುಚಿಕೊಂಡಿತ್ತು.

"ಹಗ್ಗ ಸುಮ್ನಿದೆ ಸಾರ್. ದೋಣಿ ನಿಂತಿದೆ. ಮಾವನೇ ಹೋಗ್ತಿದಾರೆ."

ದುರ್ಬೀನನ್ನು ನನ್ನ ಕೈಗೆ ತುರುಕಿದರು. ಗುರುತನ್ನು ಬಿಟ್ಟು ಬೇರೇನನ್ನೂ ನೋಡಬಾರದು ಎಂದು ಪುಸ್ತಿಕೆಯಲ್ಲಿದ್ದುದರಿಂದ ಭಾವ ಅಷ್ಟು ಹೊತ್ತೂ ಮಾವನ ತಲೆಯನ್ನು ಮಾತ್ರ ನೋಡಿದ್ದರು. ನಾನು ಸ್ವಲ್ಪ ಕೆಳಗೆ ನೋಡಿದೆ. ಕುರ್ಚಿಯ ಒಂದೊಂದು ಕಾಲಿಗೆ ಒಬ್ಬೊಬ್ಬರಂತೆ ನಾಲ್ಕು ಜನ ಹೊತ್ತಿದ್ದರು. ಮುಂದೆ ಕಾಂಪೌಂಡರ್ ಎರಡೂ ಕೈ ಬೀಸಿ ದಾರಿ ಬಿಡಿಸುತ್ತಿದ್ದರು. ಹಿಂದೆ ಒಂದಷ್ಟು ಜನ ತಲೆ ತಗ್ಗಿಸಿ ನಡೆಯುತ್ತಿದ್ದರು. ನಾನು ಕಂಡದ್ದನ್ನು ಹೇಳಿದೆ.

ಭಾವ ಕೈಗವಸು ಹಾಕಿಕೊಂಡರು. ಅಧಿಕಾರಿ ಕ್ಯಾಬಿನ್ನಿನ ಬಾಗಿಲಿಗೆ ಬಂದು, ಇನ್ನು ಹನ್ನೆರಡು ನಿಮಿಷವಿದೆ, ಈಗ ಎತ್ತಿದರೆ ಗಂಟೆ ತುಂಬುವುದಿಲ್ಲ, ಪರೀಕ್ಷೆ ಹೋದಂತೆ, ಹೇಳುವುದು ನನ್ನ ಕರ್ತವ್ಯ ಎಂದರು. ಹನ್ನೆರಡು ನಿಮಿಷ ನಿಂತರೆ ದೋಣಿ ಉಳಿಯುತ್ತಿತ್ತು. ಭಾವ ಒಂದು ಕ್ಷಣವೂ ಯೋಚಿಸಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಇಷ್ಟು ಗಾಬರಿಯಲ್ಲಿ ಈಗ ಕಾಲು ಸಿಕ್ಕಿಸಿಕೊಳ್ಳುತ್ತಾರೆ, ಇಲ್ಲವೇ ಬೆರಳು ಕಳೆದುಕೊಳ್ಳುತ್ತಾರೆ ಎಂದು ನಾನು ಅಂಗಿಯನ್ನು ಗಟ್ಟಿಯಾಗಿ ಹಿಡಿದು ದೂರ ನಿಂತೆ. ಹಾಗೇನೂ ಆಗಲಿಲ್ಲ. ನನಗೆ ಇಂಜಿನ್ ನಿಧಾನವಾಗಿ ಮುಂದಕ್ಕೆ ಕೊಡಲು ಸನ್ನೆ ಮಾಡಿ, ದೋಣಿ ಮುಂದೆ ಸಾಗಿದಂತೆ ಸಡಿಲವಾದ ಹಗ್ಗವನ್ನು ಎಳೆದು ಸುತ್ತುತ್ತಾ ಬಂದರು. ಹಗ್ಗ ನೆಟ್ಟಗೆ ಕೆಳಕ್ಕೆ ಇಳಿಬಿದ್ದಾಗ ಇಂಜಿನ್ ನಿಲ್ಲಿಸಲು ಹೇಳಿದರು. ಮಂಡಿ ಬಾಗಿಸಿ, ಬೆನ್ನು ನೆಟ್ಟಗಿಟ್ಟು, ಸೊಂಟಕ್ಕೆ ಭಾರ ಬೀಳದಂತೆ ಕಾಲಿನ ಬಲದಲ್ಲಿ ಎತ್ತಿದರು. ಮೇಲೆ ಬಂದ ಲಂಗರನ್ನು ದೋಣಿಯ ಮೈಗೆ ತಗುಲಿಸದೆ ನೀರಲ್ಲೇ ಎರಡು ಸಲ ಅದ್ದಿ ಕೆಸರು ತೊಳೆದರು. ಜಾಗದಲ್ಲಿಟ್ಟು, ಅಲುಗದಂತೆ ಕಟ್ಟಿದರು. ಪುಸ್ತಿಕೆಯ ಒಂದಕ್ಷರವನ್ನೂ ಬಿಡಲಿಲ್ಲ. ಇಷ್ಟನ್ನೂ ಅಳುತ್ತಲೇ ಮಾಡಿದರು. ಅಧಿಕಾರಿ ಪೆನ್ನು ಹಿಡಿದು ನೋಡುತ್ತಾ ನಿಂತಿದ್ದರು, ಏನೂ ಬರೆಯಲಿಲ್ಲ.

ದಡದಲ್ಲಿ ನಡೆದದ್ದು ನಮಗೆ ಆಮೇಲೆ ತಿಳಿಯಿತು. ನಾಲ್ಕೂವರೆ ದಾಟಿದ ಮೇಲೆ ಕಾಂಪೌಂಡರ್ ಪೇಪರ್ ಕೇಳಲು ಜಗಲಿಗೆ ಬಂದಿದ್ದಾರೆ. ಅಪ್ಪ ಉತ್ತರ ಕೊಡಲಿಲ್ಲ. ಹವೆಯ ಬಗ್ಗೆ ಕೇಳಿದರೂ ಇಲ್ಲ. ಬೀದಿಯ ಹೊಸ ಚರಂಡಿ ಓರೆಯಾಗಿದೆಯಂತೆ ಎಂದರೂ ಅಪ್ಪ ತುಟಿ ಬಿಚ್ಚಲಿಲ್ಲ, ಅಲ್ಲಿಗೆ ಕಾಂಪೌಂಡರಿಗೆ ಖಾತ್ರಿಯಾಯಿತು. ಮುಖದ ಮುಂದೆ ಕೈ ಆಡಿಸಿದರು, ಅಪ್ಪ ರೆಪ್ಪೆ ಮಿಟುಕಿಸಲಿಲ್ಲ. ಕೈ ಮುಟ್ಟಿದರು, ನೀರಿನ ಗಾಳಿಗೆ ತಣ್ಣಗಿತ್ತು. ನಾಡಿ ಹಿಡಿದರು, ಸಿಗಲಿಲ್ಲ. ಅವರಿಗೆ ಮೂವತ್ತು ವರ್ಷದ ನೌಕರಿಯಲ್ಲಿ ಯಾರ ನಾಡಿಯೂ ಸಿಕ್ಕಿದ್ದಿಲ್ಲ ಎಂಬುದು ಬೇರೆ ವಿಷಯ. ಕೂಗಿ ಜನ ಸೇರಿಸಿ, ಮಲಗಿಸಬೇಡಿ, ಇದ್ದ ಹಾಗೇ ಎತ್ತಿ ಎಂದು ಆಸ್ಪತ್ರೆಗೆ ಹೊರಡಿಸಿಬಿಟ್ಟರು.

ಅಪ್ಪ ಏಕೆ ಬಾಯಿಬಿಡಲಿಲ್ಲ ಎಂದು ನೀವು ಕೇಳಬಹುದು. ಸಹಿ ಮಾಡಿದ್ದರಲ್ಲ. ತಾನಾಗಿ ಅಲುಗಾಡಿದರೆ ತಪ್ಪು ತನ್ನದು, ಬೇರೆಯವರು ಅಲುಗಾಡಿಸಿದರೆ ಮಾತಾಡಬಹುದೇ ಎಂಬುದು ಬರೆದುಕೊಟ್ಟ ಕಾಗದದಲ್ಲಿ ಸ್ಪಷ್ಟವಿರಲಿಲ್ಲ. ಹನ್ನೊಂದನೇ ಮನೆಯವರೆಗೂ ಅವರು ಆ ಪ್ರಶ್ನೆಯನ್ನು ಎಲ್ಲ ಕೋನದಿಂದ ಪರಿಶೀಲಿಸಿದರಂತೆ. ಅಲ್ಲಿ ಹೊತ್ತವರು ಭುಜ ಬದಲಿಸಲು ಕುರ್ಚಿಯನ್ನು ಇಳಿಸಿದಾಗ, ಮುಖ ತಿರುಗಿಸದೆ, ತುಟಿ ಮಾತ್ರ ಅಲುಗಿಸಿ, ಎತ್ತಿಕೊಂಡ ಜಾಗಕ್ಕೇ ವಾಪಸ್ ಇಡಿ ಎಂದರು. ಹೊತ್ತವರಲ್ಲಿ ಇಬ್ಬರು ಓಡಿಹೋದರು. ಉಳಿದಿಬ್ಬರು ಮತ್ತು ಕಾಂಪೌಂಡರ್ ಸೇರಿ ಹ್ಯಾಗೋ ತಂದು, ಸುಣ್ಣದ ಗೆರೆಯ ಮೇಲೇ ಕಾಲು ಬರುವಂತೆ ಕುರ್ಚಿ ಇಟ್ಟರು. ಆಗ ಅಪ್ಪನಿಗೆ ಕಂಡದ್ದು, ನಿಲ್ಲಬೇಕಾದ ದೋಣಿ ನೇರ ತಮ್ಮ ಕಡೆಗೇ ಬರುತ್ತಿರುವುದು.

ಜೆಟ್ಟಿಗೆ ಹಗ್ಗ ಎಸೆದು ನಾವು ಓಡಿದೆವು. ಫ್ಲಾಸ್ಕು ಹಿಡಿದು ಅಕ್ಕ, ಫೈಲು ಹಿಡಿದು ಅಧಿಕಾರಿ. ಎಲ್ಲರಿಗಿಂತ ಮುಂದೆ ಭಾವ ಜಗಲಿ ಹತ್ತಿ, ಅಪ್ಪನ ಎದುರು ಕುಕ್ಕರಿಸಿ, ಮಣಿಕಟ್ಟು ಹಿಡಿದುಕೊಂಡರು. ನಾಡಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅಪ್ಪ ಅಲುಗಾಡಲಿಲ್ಲ, ನೋಡಲೂ ಇಲ್ಲ. ಒಳಗಿನ ಗಡಿಯಾರ ಐದು ಹೊಡೆದು ಮುಗಿಸಿತು. ಅಪ್ಪ ಕತ್ತು ಒಮ್ಮೆ ಆ ಕಡೆ ಈ ಕಡೆ ತಿರುಗಿಸಿ, ನೆಟಿಗೆ ಮುರಿದು, ಭಾವನನ್ನು ನೇರವಾಗಿ ನೋಡಿದರು.

"ಐದರವರೆಗೆ ನಿಲ್ಲೋಕಾಗಲಿಲ್ವೇನಯ್ಯ ನಿನಗೆ?"

ಅಕ್ಕ ಅಭ್ಯಾಸಬಲದಿಂದ, ರೀ, ಅಪ್ಪ ಕೇಳ್ತಿದಾರೆ, ಐದರವರೆಗೆ ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಕೈಯಲ್ಲಿದ್ದ ಫ್ಲಾಸ್ಕನ್ನು ಕಾಂಪೌಂಡರಿಗೆ ಕೊಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭಾವ ಮಾತ್ರ ಮಾತು ತಮಗೇ ಬಂದದ್ದೆಂದು ತಿಳಿಯದವರಂತೆ ಸುತ್ತ ನೋಡಿ, ಆಮೇಲೆ, ನಿಮಗೇನೋ ಆಯಿತು ಅಂದುಕೊಂಡೆ ಮಾವ ಎಂದು ತೊದಲಿದರು.

ಭಾವ ನೀರಿನ ಮೇಲೆ ನಡೆದದ್ದನ್ನೆಲ್ಲ ಹೇಳಿದರೂ ಅಪ್ಪ ಸುಮ್ಮನಾಗಲಿಲ್ಲ. ಏಳು ವರ್ಷದ ಮಾತು ಬಾಕಿಯಿತ್ತು. ಗುರುತು ಸರಿದರೆ ಮೊದಲು ಗುರುತಿನ ಸುತ್ತ ನೋಡಬೇಕೆಂಬ ಬುದ್ಧಿ ಬೇಡವೇ, ಹಗ್ಗ ಅಷ್ಟೊಂದು ಬಿಟ್ಟೆಯಲ್ಲ, ಪಕ್ಕದ ದೋಣಿಗೆ ತಗುಲಿದ್ದರೆ ಏನು ಗತಿ, ಕನ್ನಡಕದ ಅಂಗಡಿ ಇಟ್ಟುಕೊಂಡು ನಾಲ್ಕು ಜನ ಹೊತ್ತವರು ಕಾಣಲಿಲ್ಲವೇ ಎಂದು ಒಂದೇ ಸಮನೆ ಬೈದರು. ಭಾವ ಪ್ರತಿ ಮಾತಿಗೂ ಹೌದು ಮಾವ, ತಪ್ಪಾಯಿತು ಮಾವ ಎನ್ನುತ್ತಿದ್ದರು. ಬೈಸಿಕೊಳ್ಳುವಾಗ ಮನುಷ್ಯನ ಮುಖ ಅಷ್ಟು ಬೆಳಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಧಿಕಾರಿ ಮೆಟ್ಟಿಲ ಮೇಲೆ ಕೂತು ವರದಿ ಬರೆದು ಓದಿ ಹೇಳಿದರು: ಲಂಗರು ಜಾರಿಲ್ಲ. ದೋಣಿ ಜಾರಿಲ್ಲ. ಹತ್ತಿರದ ಸ್ಥಿರ ಗುರುತನ್ನು ನಾಲ್ಕು ಜನ ಹೊತ್ತುಕೊಂಡು ಹೋದ ಕಾರಣ ಪರೀಕ್ಷೆ ಅಪೂರ್ಣ. ಮುಂದಿನ ಗುರುವಾರ ಪುನಃ ನಡೆಸುವುದು, ಅಲ್ಲಿಯವರೆಗೆ ಜೆಟ್ಟಿಯ ಜಾಗ ಅರ್ಜಿದಾರರದೇ. ಓದಿ ಮುಗಿಸಿ, ಇದು ವರದಿಯಲ್ಲಿ ಬರುವುದಿಲ್ಲ, ಆದರೆ ಲಂಗರನ್ನು ಇಷ್ಟು ಸರಿಯಾಗಿ ಎತ್ತಿದ್ದನ್ನು ನಾನು ಈ ನೌಕರಿಯಲ್ಲಿ ನೋಡಿರಲಿಲ್ಲ ಎಂದರು. ಗುರುವಾರಕ್ಕೆ ಗುರುತು ಬದಲಿಸುತ್ತೀರಾ ಎಂದು ಕೇಳಿದಾಗ ಭಾವ ಬಾಯಿ ತೆರೆಯುವ ಮೊದಲೇ ಅಪ್ಪ, ಮಾವ ಅಂತಲೇ ಇರಲಿ ಎಂದರು. ಕಾಂಪೌಂಡರನ್ನು ಮಾತ್ರ ಆ ಒಂದು ಗಂಟೆ ಮನೆಯಲ್ಲಿ ಕೂಡಿಹಾಕಬೇಕೆಂದು ಷರತ್ತು ಹಾಕಿದರು. ಕಾಂಪೌಂಡರ್ ಟೀ ಕುಡಿಯುತ್ತಾ ಒಪ್ಪಿಕೊಂಡರು.

ಆಮೇಲೆ ಅಪ್ಪ ಭಾವನ ಕಡೆ ಬೆರಳು ತೋರಿಸಿದರು.

"ಒಂದು ಮಾತು ಈಗಲೇ ಹೇಳಿರ್ತೀನಿ. ಗುರುವಾರ ನಾನು ಇಲ್ಲಿ ನಿಜವಾಗಿ ಸತ್ತೇ ಹೋದ್ರೂ, ಗಂಟೆ ಆಗೋವರೆಗೂ ನೀನು ಲಂಗರು ಎತ್ತಕೂಡದು. ತಿಳೀತಾ?"

ಈ ಮನೆಗೆ ಅಳಿಯನಾಗಿ ಬಂದ ಮೇಲೆ ಭಾವ ಮಾವನ ಯಾವ ಮಾತಿಗೂ ಎದುರಾಡಿದವರಲ್ಲ. ಕೆಸರಾದ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಳ್ಳುತ್ತಾ, ತಲೆ ತಗ್ಗಿಸಿಯೇ ಉತ್ತರ ಕೊಟ್ಟರು.

"ಎತ್ತುತ್ತೀನಿ, ಮಾವ."

ಅಪ್ಪ ಬಾಗಿಲ ಬಳಿ ಇದ್ದ ಇನ್ನೊಂದು ಕುರ್ಚಿಯನ್ನು ತರುವಂತೆ ನನಗೆ ಸನ್ನೆ ಮಾಡಿದರು, ಮತ್ತು ಅದನ್ನು ಎಲ್ಲಿಡಬೇಕು ಎಂದು ತಮ್ಮ ಪಕ್ಕದ ಜಾಗ ತೋರಿಸಿದರು.